ಸಾಂಕ್ರಾಮಿಕ ರೋಗ ಮತ್ತು ಸಮಾಜ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ರೋಗಕ್ಕೆ ಯಾವ ಮದ್ದು ಎಂಬುದನ್ನು ವೈದ್ಯರೇ ಹೇಳಬೇಕು. ಇಲ್ಲಿರುವ ಪ್ರಶ್ನೆಗಳು ಬೇರೆ ಥರದವು. ಅಂಟುರೋಗವೊಂದು ಕಾಲಿಟ್ಟಾಗ ಜನರ ದುಡಿಮೆ, ಮಕ್ಕಳ ಓದು, ನೆರೆಹೊರೆ, ಸಾವು-ಮಣ್ಣು ಎಲ್ಲವೂ ಹೇಗೆ ಅಲ್ಲಾಡಿಹೋಗುತ್ತವೆ ಎಂದು ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಬಚ್ಚಿಟ್ಟ ರೋಗವೇ ಜಾಸ್ತಿ ಹರಡುತ್ತದೆ. ಜನ ಯಾಕೆ ಬಚ್ಚಿಡುತ್ತಾರೆ ಎಂದು ತಿಳಿದುಕೊಳ್ಳುವುದೂ ರೋಗ ತಡೆಯುವ ಕೆಲಸವೇ ಎಂದು ನಾನು ನಂಬಿದ್ದೇನೆ.

ಸಾಂಕ್ರಾಮಿಕ ಅಂದರೇನು? ಜಾಗತಿಕ ಪಿಡುಗು ಅಂದರೇನು?

ಒಂದು ಕಡೆ ಮಾಮೂಲಿಯಾಗಿ ಕಾಣುವುದಕ್ಕಿಂತ ತುಂಬಾ ಜಾಸ್ತಿ ಜನರಿಗೆ, ಕಡಿಮೆ ಸಮಯದಲ್ಲಿ, ಒಂದೇ ಅಂಟುರೋಗ ಬಂದರೆ ಅದು ಸಾಂಕ್ರಾಮಿಕ. ಅದೇ ರೋಗ ಗಡಿ ದಾಟಿ ಹಲವು ಖಂಡಗಳಿಗೆ ಹಬ್ಬಿದರೆ ಜಾಗತಿಕ ಪಿಡುಗು. ಎಷ್ಟು ಜನ ಸತ್ತರು ಎಂಬುದನ್ನು ಈ ಹೆಸರು ಹೇಳುವುದಿಲ್ಲ, ಎಷ್ಟು ದೂರ ಹಬ್ಬಿತು ಎಂಬುದನ್ನಷ್ಟೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ವಿಷಯದಲ್ಲಿ 2020ರ ಜನವರಿ 30ರಂದು ಅಂತರರಾಷ್ಟ್ರೀಯ ತುರ್ತುಸ್ಥಿತಿ ಸಾರಿತು. ಮಾರ್ಚ್ 11ರಂದು ಅದನ್ನು ಜಾಗತಿಕ ಪಿಡುಗು ಎಂದು ಕರೆಯಿತು. ಜನರ ನೆನಪಿನಲ್ಲಿ ಉಳಿದದ್ದು ಮಾರ್ಚ್ ತಿಂಗಳ ತಾರೀಕು. ಆದರೆ ಎಚ್ಚರಿಕೆಯ ಗಂಟೆ ಬಾರಿಸಿದ್ದು ಜನವರಿಯಲ್ಲೇ.

ಕೆಲವು ರೋಗ ಕಾಡ್ಗಿಚ್ಚಿನ ಹಾಗೆ ಹರಡುತ್ತವೆ, ಕೆಲವು ಬೇಗ ನಿಂತುಹೋಗುತ್ತವೆ. ಯಾಕೆ?

ಎರಡು ವಿಷಯ ನೋಡಬೇಕು. ಒಬ್ಬರಿಂದ ಎಷ್ಟು ಜನರಿಗೆ ಅಂಟುತ್ತದೆ? ಯಾವಾಗ ಅಂಟುತ್ತದೆ?

ದಡಾರವನ್ನೇ ತೆಗೆದುಕೊಳ್ಳಿ. ಯಾರಿಗೂ ಲಸಿಕೆ ಆಗಿಲ್ಲದ, ಹಿಂದೆ ರೋಗವೂ ಬಂದಿಲ್ಲದ ಜನರ ನಡುವೆ ಅದು ಒಬ್ಬರಿಂದ 12ರಿಂದ 18 ಜನರಿಗೆ ಹರಡುತ್ತದೆ. ರೋಗಿ ಕೋಣೆಯಿಂದ ಎದ್ದು ಹೋಗಿ ಎರಡು ಗಂಟೆಯವರೆಗೂ ವೈರಸ್ ಅಲ್ಲಿನ ಗಾಳಿಯಲ್ಲಿ ಉಳಿಯಬಲ್ಲದು.

2003ರಲ್ಲಿ ಬಂದ ಸಾರ್ಸ್ ಎಂಬ ಉಸಿರಾಟದ ರೋಗ ಬೇರೆ ಥರ. ಸುಮಾರು 8,000 ಜನರಿಗೆ ಬಂತು, 774 ಜನ ತೀರಿಕೊಂಡರು. ಅಷ್ಟು ಭಯಂಕರ ರೋಗ ಅದೇ ವರ್ಷ ಜುಲೈ ಹೊತ್ತಿಗೆ ಹತೋಟಿಗೆ ಬಂತು. ಕಾರಣ, ಅದು ಹೆಚ್ಚಾಗಿ ಅಂಟುತ್ತಿದ್ದದ್ದು ಜ್ವರ ಜೋರಾದ ಮೇಲೆ. ಅಷ್ಟರಲ್ಲಿ ರೋಗಿ ಹಾಸಿಗೆ ಹಿಡಿದಿರುತ್ತಿದ್ದರು, ಗುರುತಿಸಿ ಬೇರೆ ಇಡುವುದು ಸಾಧ್ಯವಿತ್ತು. ಕೋವಿಡ್ ಹಾಗಲ್ಲ. ಮೈ ಬೆಚ್ಚಗಾಗುವ ಮೊದಲೇ ಇನ್ನೊಬ್ಬರಿಗೆ ದಾಟುತ್ತದೆ. ತನಗೆ ರೋಗ ಇದೆ ಎಂದು ತನಗೇ ಗೊತ್ತಿಲ್ಲದವರನ್ನು ಹುಡುಕುವುದು ಎಷ್ಟು ಕಷ್ಟ, ಯೋಚನೆ ಮಾಡಿ.

ರೋಗ ಎಲ್ಲಿಂದ ಬಂತು ಎಂದು ಹೇಗೆ ಪತ್ತೆ ಮಾಡುತ್ತಾರೆ?

ಈ ಕೆಲಸದಲ್ಲಿ ಸೂಕ್ಷ್ಮದರ್ಶಕಕ್ಕಿಂತ ಮೊದಲು ಬೇಕಾಗುವುದು ಮನೆ ಮನೆ ಸುತ್ತುವ ಕಾಲು, ಸಮಾಧಾನವಾಗಿ ಕೇಳುವ ಕಿವಿ. 1854ರ ಲಂಡನ್ನಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ.

ಆ ವರ್ಷ ಆಗಸ್ಟ್ ಕೊನೆಗೆ ಸೋಹೋ ಎಂಬ ಬಡಾವಣೆಯಲ್ಲಿ ಕಾಲರಾ ಶುರುವಾಯಿತು. ಹತ್ತೇ ದಿನದಲ್ಲಿ 500ಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದೇ ಆಗಿನ ಹೆಚ್ಚಿನ ವೈದ್ಯರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯ ಮಾತ್ರ ನೀರಿನ ಮೇಲೆ ಅನುಮಾನಪಟ್ಟರು. ಸತ್ತವರ ಮನೆಗೆ ಹೋಗಿ, ನೀವು ಕುಡಿಯುವ ನೀರು ಎಲ್ಲಿಯದು ಎಂದು ಕೇಳುತ್ತಾ ಹೋದರು. ಹೆಚ್ಚಿನವರ ಉತ್ತರ ಒಂದೇ: ಬ್ರಾಡ್ ಸ್ಟ್ರೀಟಿನ ಕೈಪಂಪು. ಅಲ್ಲೇ ಹತ್ತಿರದ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಯಾರೂ ಸತ್ತಿರಲಿಲ್ಲ. ಅವರು ಆ ಪಂಪಿನ ನೀರು ಮುಟ್ಟುತ್ತಲೇ ಇರಲಿಲ್ಲ, ಬಿಯರ್ ಕುಡಿಯುತ್ತಿದ್ದರು.

ಒಂದು ಸಾವು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಮೈಲಿಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾದಿಂದ ತೀರಿಕೊಂಡಿದ್ದರು. ಆಕೆಯ ಮಕ್ಕಳನ್ನು ವಿಚಾರಿಸಿದಾಗ ವಿಷಯ ಬಯಲಾಯಿತು. ಆಕೆ ಹಿಂದೆ ಸೋಹೋದಲ್ಲಿದ್ದವರು. ಆ ಪಂಪಿನ ನೀರಿನ ರುಚಿಗೆ ಮನಸೋತು ದಿನಾ ಅಲ್ಲಿಂದಲೇ ಸೀಸೆಯಲ್ಲಿ ನೀರು ತರಿಸಿಕೊಳ್ಳುತ್ತಿದ್ದರು. ಅವರ ಮನೆಗೆ ಬಂದು ಅದೇ ನೀರು ಕುಡಿದ ಸಂಬಂಧಿಕ ಹೆಣ್ಣುಮಗಳೂ ಸತ್ತಿದ್ದಳು. ಸ್ನೋ ಅವರ ಅನುಮಾನಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ.

ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ಕಿತ್ತರು. ಆ ಹೊತ್ತಿಗೆ ಜನ ಊರು ಬಿಟ್ಟು ಹೋಗಿ ರೋಗ ಇಳಿಮುಖವಾಗಿತ್ತು ಎಂದು ಸ್ನೋ ತಾವೇ ಒಪ್ಪಿಕೊಂಡಿದ್ದಾರೆ. ಆಮೇಲೆ ಅಲ್ಲಿನ ಪಾದ್ರಿ ಹೆನ್ರಿ ವೈಟ್‌ಹೆಡ್ ಇನ್ನೂ ಒಳಗೆ ಹೊಕ್ಕು ನೋಡಿದರು. ಭೇದಿಯಾಗಿದ್ದ ಒಂದು ಹಸುಗೂಸಿನ ಬಟ್ಟೆ ಒಗೆದ ನೀರನ್ನು ತಾಯಿ ಮನೆಯ ಗುಂಡಿಗೆ ಸುರಿದಿದ್ದಳು. ಆ ಗುಂಡಿ ಬಾವಿಯ ಪಕ್ಕದಲ್ಲೇ ಇತ್ತು, ಸೋರುತ್ತಿತ್ತು. ತಪ್ಪು ತಾಯಿಯದಲ್ಲ. ಒಳಚರಂಡಿ ಸರಿಯಿಲ್ಲದ ಊರಿನಲ್ಲಿ ಆಕೆ ಆ ನೀರನ್ನು ಇನ್ನೆಲ್ಲಿ ಚೆಲ್ಲಬೇಕಿತ್ತು?

ರೋಗಕ್ಕೆ ಬಡವ-ಶ್ರೀಮಂತ ಭೇದ ಇಲ್ಲ ಅಂತಾರಲ್ವಾ?

ರೋಗಾಣುವಿಗೆ ಇಲ್ಲ ನಿಜ. ಆದರೆ ಅದು ಸಾಗುವ ದಾರಿಯಲ್ಲಿ ಇದೆ. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಮನೆಯಲ್ಲಿ ರೋಗಿಯನ್ನು ಬೇರೆ ಇಡುವುದು ಹೇಗೆ? ನಲ್ಲಿಯೇ ಇಲ್ಲದವರಿಗೆ ಕೈ ತೊಳೆಯಿರಿ ಎಂದರೆ ಏನು ಬಂತು? ದಿನಗೂಲಿಯವರು ಜ್ವರ ಬಂದರೂ ಕೆಲಸಕ್ಕೆ ಹೋಗುವುದು ಹಟದಿಂದಲ್ಲ, ಹೊಟ್ಟೆಪಾಡಿಗೆ. ಮನೆಯಲ್ಲೇ ಇರಿ ಎಂದು ಹೇಳುವವರು ಅಷ್ಟು ದಿನದ ಕೂಲಿ ಯಾರು ಕೊಡುತ್ತಾರೆ ಎಂದೂ ಜೊತೆಗೇ ಹೇಳಬೇಕು.

ಜನ ರೋಗವನ್ನು ಯಾಕೆ ಮುಚ್ಚಿಡುತ್ತಾರೆ? ಅವರಿಗೆ ತಿಳಿವಳಿಕೆ ಇಲ್ಲವೇ?

ತಿಳಿವಳಿಕೆ ಕಡಿಮೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಇದನ್ನು ಕೇಳಿದಾಗೆಲ್ಲ ನನಗೆ ಬೇಸರವಾಗುತ್ತದೆ. ಹೆಚ್ಚಿನ ಸಲ ಜನರಿಗೆ ಚೆನ್ನಾಗಿ ಗೊತ್ತಿರುತ್ತದೆ: ರೋಗ ಹೇಳಿಕೊಂಡರೆ ತಮಗೇನಾಗುತ್ತದೆ ಎಂಬುದು.

1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಅಧಿಕಾರಿಗಳು ಮನೆ ಮನೆ ಹೊಕ್ಕು ಹುಡುಕಿದರು, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸಿದರು. ಒಳಗೆ ಹೋದವರು ತಿರುಗಿ ಬರುವುದಿಲ್ಲ ಎಂಬ ಭಯ ಹಬ್ಬಿತು. ಜನ ರೋಗಿಗಳನ್ನು ಅಡಗಿಸಿಟ್ಟರು. ಲಕ್ಷಾಂತರ ಮಂದಿ ಊರು ಬಿಟ್ಟು ಓಡಿದರು, ಪ್ಲೇಗ್ ಅವರ ಜೊತೆಗೇ ಪ್ರಯಾಣ ಮಾಡಿತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಪುಣೆಯಲ್ಲಿ ಸೈನಿಕರೇ ಮನೆ ತಪಾಸಣೆಗೆ ಇಳಿದರು. ಅಡುಗೆಮನೆ, ದೇವರ ಕೋಣೆ, ಹೆಂಗಸರ ಮೈ ಯಾವುದನ್ನೂ ಬಿಡಲಿಲ್ಲ ಎಂದು ಜನ ಕುದಿದರು. ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಆತ ಬದುಕಲಿಲ್ಲ.

ಅದೇ ಪುಣೆ, ಅದೇ ಪ್ಲೇಗ್, ಅದೇ ವರ್ಷ. ಸಾವಿತ್ರಿಬಾಯಿ ಫುಲೆ ತಮ್ಮ ಮಗ, ವೈದ್ಯ ಯಶವಂತರ ಜೊತೆ ಊರಾಚೆ ಚಿಕಿತ್ಸೆಯ ಜಾಗ ಮಾಡಿದ್ದರು. ರೋಗ ತಗುಲಿದ ಒಬ್ಬ ಹುಡುಗನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಅಲ್ಲಿಗೆ ತಂದರು. ಅವರಿಗೂ ಪ್ಲೇಗ್ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು. ರೋಗಿಯನ್ನು ಮನೆಯಿಂದ ಹೊರಗೆ ತರುವ ಎರಡು ದಾರಿಗಳು ಒಂದೇ ಊರಿನಲ್ಲಿ ಇದ್ದವು. ಒಂದಕ್ಕೆ ಹೆದರಿ ಜನ ಬಾಗಿಲು ಹಾಕಿಕೊಂಡರು.

2014ರ ಎಬೋಲಾದಲ್ಲೂ ಇದೇ ಆಯಿತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಮೂರು ದೇಶಗಳಲ್ಲಿ 11,000ಕ್ಕೂ ಹೆಚ್ಚು ಜನ ಸತ್ತರು. ಎಬೋಲಾದಲ್ಲಿ ಹೆಣದ ಮೈಯಲ್ಲೂ ವೈರಸ್ ತುಂಬಿರುತ್ತದೆ. ಸತ್ತವರ ಮೈ ತೊಳೆದು, ಮುಟ್ಟಿ, ಕಳಿಸಿಕೊಡುವ ಪದ್ಧತಿ ಅಲ್ಲಿತ್ತು. ಶುರುವಿನಲ್ಲಿ ಮೈತುಂಬ ಬಿಳಿ ಉಡುಪು ಹಾಕಿದವರು ಬಂದು, ಹೆಣವನ್ನು ಚೀಲಕ್ಕೆ ತುಂಬಿ ಒಯ್ದುಬಿಡುತ್ತಿದ್ದರು. ಎಲ್ಲಿ ಹೂತರು ಎಂಬುದೂ ಮನೆಯವರಿಗೆ ಗೊತ್ತಾಗುತ್ತಿರಲಿಲ್ಲ. ಆಗ ಜನ ಗುಟ್ಟಾಗಿ ಮಣ್ಣು ಮಾಡತೊಡಗಿದರು. ರೋಗ ಇನ್ನಷ್ಟು ಹರಡಿತು. ಆ ವರ್ಷ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಕ್ರಮ ಹೇಳಿತು. ಮೊದಲು ಮನೆಯವರ ಜೊತೆ ಕೂತು ಮಾತಾಡಿ. ದೂರದಿಂದಲೇ ಪ್ರಾರ್ಥನೆ ಮಾಡಲು ಬಿಡಿ. ಗೋರಿಯ ಮೇಲೆ ಹೆಸರು ಇರಲಿ. ತಾಯಿಯನ್ನು ಕಳೆದುಕೊಂಡವರಿಗೆ ಬೇಕಾಗಿದ್ದದ್ದು ಅಷ್ಟೇ.

ಪ್ರತಿ ಸಲವೂ ಯಾರ ಮೇಲಾದರೂ ಗೂಬೆ ಕೂರಿಸುವುದು ಯಾಕೆ?

ಕಣ್ಣಿಗೆ ಕಾಣದ ಶತ್ರುವಿನ ಜೊತೆ ಜಗಳವಾಡಲು ಆಗುವುದಿಲ್ಲ. ಪಕ್ಕದ ಮನೆಯವನ ಜೊತೆ ಆಡಬಹುದು. 1347ರಿಂದ 1351ರ ನಡುವೆ ಯುರೋಪಿನಲ್ಲಿ ಪ್ಲೇಗ್ ಮೂರನೇ ಒಂದು ಪಾಲಿಗೂ ಹೆಚ್ಚು ಜನರನ್ನು ಕೊಂದಿತು ಎಂಬ ಅಂದಾಜಿದೆ. ಯೆಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಎಂಬ ಗಾಳಿಮಾತು ಆಗ ಹುಟ್ಟಿತು. ಪ್ಲೇಗ್‌ನಿಂದ ಯೆಹೂದಿಗಳೂ ಸಾಯುತ್ತಿದ್ದಾರಲ್ಲ ಎಂದು ಪೋಪ್ ಆರನೇ ಕ್ಲೆಮೆಂಟ್ ಅವರೇ 1348ರಲ್ಲಿ ಹೇಳಿದರು. ಜನ ಕೇಳಲಿಲ್ಲ. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್ ಊರಿನಲ್ಲಿ ನೂರಾರು ಯೆಹೂದಿಗಳನ್ನು ಸುಟ್ಟರು. ಆ ದಿನ ಆ ಊರಿಗೆ ಪ್ಲೇಗ್ ಇನ್ನೂ ಬಂದೇ ಇರಲಿಲ್ಲ. ಇದನ್ನು ಓದಿದಾಗಿನಿಂದ ನನಗೆ ಮರೆಯಲು ಆಗಿಲ್ಲ.

ಹೆಸರಿಡುವುದರಲ್ಲೂ ಇದೇ ಅನ್ಯಾಯ. 1918ರ ಫ್ಲೂಗೆ ‘ಸ್ಪ್ಯಾನಿಷ್ ಫ್ಲೂ’ ಎಂದರು. ಅದು ಸ್ಪೇನ್‌ನಲ್ಲಿ ಹುಟ್ಟಿದ್ದಕ್ಕಲ್ಲ. ಮೊದಲ ಮಹಾಯುದ್ಧದಲ್ಲಿ ಕಾದಾಡುತ್ತಿದ್ದ ದೇಶಗಳು ಪತ್ರಿಕೆಗಳ ಬಾಯಿ ಕಟ್ಟಿದ್ದವು. ಯುದ್ಧದಲ್ಲಿ ಇಲ್ಲದ ಸ್ಪೇನ್‌ನ ಪತ್ರಿಕೆಗಳು ಇದ್ದದ್ದನ್ನು ಇದ್ದ ಹಾಗೆ ಬರೆದವು. ನಿಜ ಹೇಳಿದವರ ತಲೆಗೇ ರೋಗ ಕಟ್ಟಿದರು. ಹೊಸ ರೋಗಕ್ಕೆ ಊರು, ಜನ, ಪ್ರಾಣಿಯ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇಂಥ ಅನುಭವಗಳಿಂದಲೇ.

ಜನ ಗಾಬರಿಯಾಗಬಾರದು ಎಂದು ಸರ್ಕಾರ ಸುದ್ದಿ ತಡೆಹಿಡಿದರೆ ತಪ್ಪೇನು?

1918ರ ಸೆಪ್ಟೆಂಬರ್ 28ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯುದ್ಧ ಸಾಲಕ್ಕೆ ಹಣ ಎತ್ತಲು ದೊಡ್ಡ ಮೆರವಣಿಗೆ ನಡೆಯಿತು. ಫ್ಲೂ ಊರೊಳಗೆ ಬಂದಾಗಿತ್ತು. ಮೆರವಣಿಗೆ ಬೇಡ ಎಂದು ವೈದ್ಯರು ಎಚ್ಚರಿಸಿದ್ದರು. ಆದರೂ ಸುಮಾರು ಎರಡು ಲಕ್ಷ ಜನ ಸೇರಿದರು. ಮೂರೇ ದಿನದಲ್ಲಿ ಆಸ್ಪತ್ರೆಗಳು ತುಂಬಿಹೋದವು. ಕೆಲವೇ ವಾರಗಳಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಸೇಂಟ್ ಲೂಯಿಸ್ ನಗರ ಬೇಗನೆ ಶಾಲೆ, ಚರ್ಚು, ಸಿನಿಮಾ ಮಂದಿರ ಮುಚ್ಚಿತು. ಅಲ್ಲಿ ಸಾವಿನ ಪ್ರಮಾಣ ತುಂಬಾ ಕಡಿಮೆ ಇತ್ತು.

ಗಾಬರಿಗೆ ಹೆದರಿ ಸುಳ್ಳು ಹೇಳಿದರೆ ಗಾಬರಿಯೂ ಬರುತ್ತದೆ, ನಂಬಿಕೆಯೂ ಹೋಗುತ್ತದೆ. ಕಣ್ಣೆದುರು ಹೆಣ ಸಾಗುತ್ತಿರುವಾಗ ಏನೂ ಆಗಿಲ್ಲ ಎಂದವರ ಮಾತನ್ನು ಮುಂದೆ ಯಾರು ಕೇಳುತ್ತಾರೆ?

ಕ್ವಾರಂಟೈನ್ ನಿಜಕ್ಕೂ ಕೆಲಸ ಮಾಡುತ್ತದಾ?

ಮಾಡುತ್ತದೆ, ಒಳಗಿದ್ದವರಿಗೆ ಅನ್ನ-ನೀರು, ಗೌರವ ಎರಡೂ ಸಿಕ್ಕಿದರೆ. ಪದವೇ ಹಳೆಯದು. 1377ರಲ್ಲಿ ರಗೂಸಾ ಬಂದರು, ಅಂದರೆ ಈಗಿನ ಡುಬ್ರೋವ್ನಿಕ್, ರೋಗ ಇರುವ ಕಡೆಯಿಂದ ಬಂದವರನ್ನು 30 ದಿನ ಹೊರಗಿಟ್ಟಿತು. ಆಮೇಲೆ ಅದು 40 ದಿನವಾಯಿತು. ಇಟಾಲಿಯನ್‌ನಲ್ಲಿ 40ಕ್ಕೆ ಇರುವ ‘ಕ್ವರಾಂತ’ ಎಂಬ ಪದದಿಂದಲೇ ಈ ಹೆಸರು ಬಂದದ್ದು.

ನನಗೆ ಯಾವಾಗಲೂ ನೆನಪಾಗುವುದು ಇಂಗ್ಲೆಂಡಿನ ಈಮ್ ಎಂಬ ಹಳ್ಳಿ. 1665ರಲ್ಲಿ ಲಂಡನ್ನಿನಿಂದ ದರ್ಜಿಯೊಬ್ಬರಿಗೆ ಬಂದ ಬಟ್ಟೆಯ ಗಂಟಿನ ಜೊತೆ ಅಲ್ಲಿಗೆ ಪ್ಲೇಗ್ ಬಂತು ಎನ್ನುತ್ತಾರೆ. ಪಾದ್ರಿ ವಿಲಿಯಂ ಮಾಂಪೆಸನ್ ಅವರ ಮಾತಿಗೆ ಒಪ್ಪಿ ಜನ ಊರು ಬಿಟ್ಟು ಹೋಗದೆ ಉಳಿದರು. ಸುತ್ತಲಿನ ಊರುಗಳವರು ಗಡಿಕಲ್ಲಿನ ಬಳಿ ದಿನಸಿ ತಂದಿಟ್ಟು ಹೋಗುತ್ತಿದ್ದರು. ಈಮ್‌ನವರು ಕಲ್ಲಿನಲ್ಲಿ ಕೊರೆದ ಕುಳಿಗಳಲ್ಲಿ ವಿನೆಗರ್ ತುಂಬಿ, ಅದರೊಳಗೆ ದುಡ್ಡಿನ ನಾಣ್ಯ ಹಾಕಿಡುತ್ತಿದ್ದರು. ಆ ಹುಳಿಯಲ್ಲಿ ರೋಗ ತೊಳೆದುಹೋಗಲಿ ಎಂದು. ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತನ್ನ ಕೈಯಾರೆ ಮಣ್ಣು ಮಾಡಿದಳು. ಒಟ್ಟು ಸುಮಾರು 260 ಜನ ಸತ್ತರು. ಮಾಂಪೆಸನ್ ಅವರ ಹೆಂಡತಿಯೂ ಅವರಲ್ಲೊಬ್ಬರು.

ಬಲವಂತದ ಕಥೆಯೂ ಇದೆ. 2014ರ ಆಗಸ್ಟ್‌ನಲ್ಲಿ ಲೈಬೀರಿಯಾದ ರಾಜಧಾನಿಯಲ್ಲಿ ವೆಸ್ಟ್ ಪಾಯಿಂಟ್ ಎಂಬ ಕೊಳೆಗೇರಿಯನ್ನು ರಾತ್ರೋರಾತ್ರಿ ಸುತ್ತುಗಟ್ಟಿದರು. ಒಳಗೆ ಹತ್ತಾರು ಸಾವಿರ ಜನ. ದಿನಸಿಯ ಬೆಲೆ ಏರಿತು, ಜನ ರೊಚ್ಚಿಗೆದ್ದರು. ಗುಂಡೇಟಿಗೆ ಒಬ್ಬ ಹುಡುಗ ಸತ್ತ. ಹತ್ತು ದಿನಕ್ಕೆ ಸರ್ಕಾರ ಆ ತಡೆಯನ್ನು ತೆಗೆಯಬೇಕಾಯಿತು.

ಆರೋಗ್ಯವಾಗಿ ಕಾಣುವವರನ್ನು ಕೂಡಿಹಾಕುವುದು ನ್ಯಾಯವೇ?

ಮೇರಿ ಮ್ಯಾಲನ್ ನ್ಯೂಯಾರ್ಕಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಐರಿಷ್ ಹೆಣ್ಣುಮಗಳು. ಆಕೆಯ ಒಳಗೆ ಟೈಫಾಯ್ಡ್ ರೋಗಾಣು ಇತ್ತು, ಆಕೆಗೆ ಮಾತ್ರ ರೋಗದ ಲಕ್ಷಣವೇ ಇರಲಿಲ್ಲ. ಕೆಲಸ ಮಾಡಿದ ಮನೆಗಳಲ್ಲಿ ಜನ ಮಲಗತೊಡಗಿದರು. 1907ರಲ್ಲಿ ಹಿಡಿದು ದ್ವೀಪವೊಂದರಲ್ಲಿ ಇಟ್ಟರು. ಇನ್ನು ಅಡುಗೆ ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಅಡುಗೆಯಷ್ಟು ಸಂಬಳ ಸಿಗಲಿಲ್ಲ. ಆಕೆ ಹೆಸರು ಬದಲಿಸಿಕೊಂಡು ಮತ್ತೆ ಸೌಟು ಹಿಡಿದಳು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಜನರಿಗೆ ಟೈಫಾಯ್ಡ್ ಬಂತು, ಇಬ್ಬರು ಸತ್ತರು. ಆಕೆಯನ್ನು ಮತ್ತೆ ದ್ವೀಪಕ್ಕೆ ಕಳಿಸಿದರು. 1938ರಲ್ಲಿ ಸಾಯುವವರೆಗೂ ಅಲ್ಲೇ ಇದ್ದಳು.

ಆಕೆಯನ್ನು ತಡೆಯಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ 1910ರಲ್ಲಿ ಹೊಟ್ಟೆ ತುಂಬುವ ಬೇರೆ ಕೆಲಸವೊಂದನ್ನು ಕಲಿಸಿ ಕೊಡಿಸಿದ್ದರೆ? ಆಕೆಯ ಹಾಗೆ ರೋಗ ಹೊತ್ತು ತಿರುಗುತ್ತಿದ್ದ ಇತರರೂ ಗೊತ್ತಾಗಿದ್ದರು. ಅವರನ್ನು ಯಾರೂ ಜೀವನವಿಡೀ ಕೂಡಿಹಾಕಲಿಲ್ಲ.

ಶಾಲೆ ಮುಚ್ಚಿದರೆ ಮಕ್ಕಳಿಗೆ ಅಷ್ಟು ನಷ್ಟವೇ?

2020ರಲ್ಲಿ ಒಂದು ಹಂತದಲ್ಲಿ ಜಗತ್ತಿನಾದ್ಯಂತ 150 ಕೋಟಿ ಮಕ್ಕಳಿಗೆ ಶಾಲೆ ಇರಲಿಲ್ಲ. ಪಾಠ ಹೋದದ್ದು ಒಂದು. ಶಾಲೆಯ ಊಟ, ಗೆಳೆಯರು, ಮನೆಯ ಕಷ್ಟ ಗಮನಿಸುವ ಒಬ್ಬ ಟೀಚರ್, ಇವೂ ಹೋದವು. ಹೆಣ್ಣುಮಕ್ಕಳಿಗೆ ಪೆಟ್ಟು ಜಾಸ್ತಿ. ಎಬೋಲಾ ಸಮಯದಲ್ಲಿ ಸಿಯೆರಾ ಲಿಯೋನ್‌ನಲ್ಲಿ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದವು, ಎಷ್ಟೋ ಹುಡುಗಿಯರು ಗರ್ಭಿಣಿಯರಾದರು. 2015ರಲ್ಲಿ ಶಾಲೆ ತೆರೆದಾಗ ಗರ್ಭಿಣಿಯರು ಬರಬಾರದು ಎಂದು ಸರ್ಕಾರವೇ ನಿಷೇಧ ಹಾಕಿತು. ಅದು ಹೋದದ್ದು 2020ರ ಮಾರ್ಚ್‌ನಲ್ಲಿ.

ಸತ್ತವರ ಲೆಕ್ಕ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ನಿಜ?

ವರದಿಯಾದ ಸಾವು ಬೇರೆ, ಹೆಚ್ಚುವರಿ ಸಾವು ಬೇರೆ. ರೋಗ ಬಾರದೆ ಇದ್ದಿದ್ದರೆ ಎಷ್ಟು ಜನ ಸಾಯುತ್ತಿದ್ದರು, ನಿಜವಾಗಿ ಎಷ್ಟು ಜನ ಸತ್ತರು, ಈ ಎರಡರ ನಡುವಿನ ಅಂತರವೇ ಹೆಚ್ಚುವರಿ ಸಾವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020 ಮತ್ತು 2021ರಲ್ಲಿ ಅದು ಸುಮಾರು 1.49 ಕೋಟಿ. ಆ ಎರಡು ವರ್ಷಗಳಲ್ಲಿ ಕೋವಿಡ್ ಸಾವು ಎಂದು ವರದಿಯಾದದ್ದು ಸುಮಾರು 54 ಲಕ್ಷ. ಪರೀಕ್ಷೆಯೇ ಆಗದೆ ಮನೆಯಲ್ಲಿ ಸತ್ತವರು, ಆಸ್ಪತ್ರೆ ತುಂಬಿದ್ದರಿಂದ ಬೇರೆ ಕಾಯಿಲೆಗೆ ಚಿಕಿತ್ಸೆ ಸಿಗದೆ ಹೋದವರು, ಎಲ್ಲರೂ ದೊಡ್ಡ ಲೆಕ್ಕದಲ್ಲಿ ಸೇರುತ್ತಾರೆ.

ದೊಡ್ಡ ಪಿಡುಗಿನ ನಂತರ ದುಡಿಯುವವರಿಗೆ ಒಳ್ಳೆಯದಾಯಿತು ಅಂತಾರೆ. ಹೌದಾ?

ಒಂದು ಮಟ್ಟಿಗೆ. ಹದಿನಾಲ್ಕನೇ ಶತಮಾನದ ಪ್ಲೇಗ್ ನಂತರ ಇಂಗ್ಲೆಂಡಿನಲ್ಲಿ ಹೊಲಕ್ಕೆ ಆಳುಗಳೇ ಸಿಗಲಿಲ್ಲ. ಉಳಿದವರು ಹೆಚ್ಚು ಕೂಲಿ ಕೇಳಿದರು. ಹಳೆಯ ಕೂಲಿಗೇ ದುಡಿಯಬೇಕು ಎಂದು 1349 ಮತ್ತು 1351ರಲ್ಲಿ ಕಾನೂನು ಬಂತು. 1381ರ ರೈತ ದಂಗೆಯ ಹಿಂದೆ ಈ ಸಿಟ್ಟೂ ಇತ್ತು. ಕೊನೆಗೆ ಕೂಲಿ ಏರಿದ್ದು ನಿಜ. ಆದರೆ ಅದಕ್ಕೆ ತೆತ್ತ ಬೆಲೆ ಊರಿಗೆ ಊರೇ ಸಾಯುವುದು. ಅದನ್ನು ಒಳ್ಳೆಯದು ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಲಸಿಕೆ ಬಂದರೆ ಎಲ್ಲ ಮುಗಿದ ಹಾಗೆಯೇ?

ಎಡ್ವರ್ಡ್ ಜೆನ್ನರ್ ಸಿಡುಬಿಗೆ ಲಸಿಕೆ ಹಾಕಿ ನೋಡಿದ್ದು 1796ರಲ್ಲಿ. ಸಿಡುಬು ಭೂಮಿಯಿಂದ ಹೋಯಿತು ಎಂದು ಸಾರಿದ್ದು 1980ರಲ್ಲಿ. ನಡುವೆ 184 ವರ್ಷ. ಕೊನೆಯ ಹಂತದಲ್ಲಿ ಗೆದ್ದದ್ದು ಹಳ್ಳಿ ಹಳ್ಳಿ ಸುತ್ತಿ, ರೋಗಿಯ ಚಿತ್ರ ತೋರಿಸಿ, ಇಂಥ ಗುಳ್ಳೆ ಯಾರಿಗಾದರೂ ಎದ್ದಿದೆಯೇ ಎಂದು ಕೇಳಿ, ಸಿಕ್ಕಿದವರ ಸುತ್ತಮುತ್ತ ಎಲ್ಲರಿಗೂ ಲಸಿಕೆ ಹಾಕಿದ ಕೆಲಸಗಾರರಿಂದ.

ಸಹಜವಾಗಿ ಸಿಡುಬು ಬಂದ ಕೊನೆಯ ವ್ಯಕ್ತಿ ಸೊಮಾಲಿಯಾದ ಅಲಿ ಮಾವ್ ಮಾಲಿನ್, 1977ರಲ್ಲಿ. ಆತ ಆಸ್ಪತ್ರೆಯಲ್ಲೇ ಅಡುಗೆಯವನು. ಆದರೂ ಸೂಜಿ ನೋವಾಗುತ್ತದೆ ಎಂಬ ಹೆದರಿಕೆಯಿಂದ ಲಸಿಕೆ ತಪ್ಪಿಸಿಕೊಂಡಿದ್ದ. ಬದುಕಿ ಉಳಿದ. ಮುಂದೆ ಪೋಲಿಯೋ ಲಸಿಕೆಯ ಕೆಲಸಕ್ಕೆ ಸೇರಿ, ಹಿಂಜರಿಯುವ ತಾಯಂದಿರ ಹತ್ತಿರ ತನ್ನದೇ ಕಥೆ ಹೇಳುತ್ತಿದ್ದ. ಹೆದರಿದವರನ್ನು ಬೈಯುವುದಕ್ಕಿಂತ ಹೆದರಿ ಪಾಠ ಕಲಿತವರನ್ನು ಮಾತಾಡಿಸುವುದು ಮೇಲು.

ದುಬಾರಿ ಔಷಧಿ ಇಲ್ಲದೆ ಜೀವ ಉಳಿಸಬಹುದೇ?

1971ರ ಬಾಂಗ್ಲಾದೇಶ ಯುದ್ಧದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರಿಗೆ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂತು. ನರಕ್ಕೆ ಹಾಕುವ ಸಲೈನ್ ಮುಗಿಯುತ್ತಾ ಬಂದಿತ್ತು. ವೈದ್ಯ ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಯ ಅಮ್ಮ, ಅಣ್ಣ, ತಂಗಿ ಲೋಟದಲ್ಲಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದರು. 100ಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಈಗ ಎಲ್ಲರಿಗೂ ಗೊತ್ತಿರುವ ಓಆರ್‌ಎಸ್ ಅದೇ.

ಪಕ್ಕದ ಮನೆಯಲ್ಲಿ ರೋಗ ಬಂದಿದೆ ಎಂದು ಗೊತ್ತಾಯಿತು. ನಾನೇನು ಮಾಡಲಿ?

ಮೊದಲು ಅವರ ಹೆಸರನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ಫೋನ್ ಮಾಡಿ. ಹೇಗಿದ್ದೀರಿ, ಏನು ಬೇಕು ಎಂದು ಕೇಳಿ. ದಿನಸಿ, ಮಾತ್ರೆ ತಂದು ಬಾಗಿಲ ಹತ್ತಿರ ಇಡಿ. ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದಾರೆಯೇ ಎಂದು ವಿಚಾರಿಸಿ. ಆಸ್ಪತ್ರೆಗೆ ತೋರಿಸಿಲ್ಲ ಎಂದರೆ ತೋರಿಸಲು ಧೈರ್ಯ ಹೇಳಿ, ನಿಮಗೆ ಏನಾದರೂ ಆದರೆ ಮಕ್ಕಳನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ನಿಮ್ಮ ಕಡೆಯಿಂದ ಲಸಿಕೆ, ಮಾಸ್ಕ್, ಕೈ ತೊಳೆಯುವುದು, ಆ ರೋಗಕ್ಕೆ ಏನು ಬೇಕೋ ಅದನ್ನು ತಪ್ಪಿಸಬೇಡಿ. ಅವರು ಗುಣವಾಗಿ ಮೊದಲ ಸಲ ಹೊರಗೆ ಬಂದ ದಿನ ರಸ್ತೆಯ ಆಚೆ ಬದಿಗೆ ದಾಟಬೇಡಿ. ನಿಂತು ಮಾತಾಡಿಸಿ.